ಟ್ರಸ್ ‘ಒಂದು ಟನ್ ತಡೆಯುತ್ತದೆ’ ಎಂದರೆ ಎಷ್ಟು ಉದ್ದಕ್ಕೆ, ಎಷ್ಟು ಗಾಳಿಗೆ?

ಪ್ರಶ್ನೆ: ನವಿ ಮುಂಬೈಯ ನೆರುಳ್‌ನಲ್ಲಿ ಶಾಲಾ ಮೈದಾನವೊಂದರಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ನವೆಂಬರ್‌ನಲ್ಲಿ ಇದೆ. ವೇದಿಕೆ 40 ಅಡಿ ಅಗಲ, 24 ಅಡಿ ಆಳ. ನಾಲ್ಕು ಟವರ್, ಮುಂದೊಂದು ಹಿಂದೊಂದು ಟ್ರಸ್ (ದೀಪ ತೂಗುಹಾಕುವ, ಪೈಪುಗಳನ್ನು ಬೆಸೆದು ಮಾಡಿದ ಅಡ್ಡತೊಲೆ). ಮುಂದಿನದಕ್ಕೆ 12 ಎಲ್‌ಇಡಿ ಪಾರ್ (ಬಣ್ಣದ ಸಣ್ಣ ದೀಪ), 8 ಮೂವಿಂಗ್ ಹೆಡ್ (ತಲೆ ತಿರುಗಿಸುವ ದೀಪ), 4 ಬ್ಲೈಂಡರ್ (ಜನರತ್ತ ಬೆಳಗುವ ಪ್ರಖರ ದೀಪ). ಹಿಂದಿನದಕ್ಕೆ 30×10 ಅಡಿಯ ಫ್ಲೆಕ್ಸ್ ಬ್ಯಾನರ್ ಎಂದಿತ್ತು. ಈಗ ಪ್ರಾಯೋಜಕರು ಎಲ್‌ಇಡಿ ಪರದೆಯೂ ಬೇಕೆನ್ನುತ್ತಿದ್ದಾರೆ. ಸೌಂಡಿನವರು ಎರಡೂ ಬದಿ ಆರಾರು ಲೈನ್ ಅರೇ ಬಾಕ್ಸ್ (ಒಂದರ ಕೆಳಗೊಂದು ಸಾಲಾಗಿ ಕೂಡಿಸುವ ಸ್ಪೀಕರ್) ತೂಗುಹಾಕೋಣ ಎನ್ನುತ್ತಾರೆ. ಕೇಳಿದರೆ ಡೆಕೋರೇಟರ್ ‘ಏಕ್ ಟನ್ ತಕ್ ಕುಛ್ ನಹೀಂ ಹೋಗಾ, ಸಾಬ್’ (ಒಂದು ಟನ್‌ವರೆಗೆ ಏನೂ ಆಗದು) ಎಂದು ಹೇಳಿ ಸುಮ್ಮನಾಗುತ್ತಾರೆ. ಕೆಳಗೆ ಮಕ್ಕಳ ನೃತ್ಯ, ಯಕ್ಷಗಾನ. ತಾಂತ್ರಿಕ ಜ್ಞಾನವಿಲ್ಲದ ನಾವು ಏನು ಕೇಳಬೇಕು, ಏನು ನೋಡಬೇಕು?

ಉತ್ತರ: ‘ಒಂದು ಟನ್’ ಎನ್ನುವುದು ಅರ್ಧ ಮಾತು. ಎರಡು ಟವರ್‌ಗಳ ನಡುವಿನ ಅಂತರ ಎಷ್ಟು, ಭಾರ ಉದ್ದಕ್ಕೂ ಹರಡಿದೆಯೋ ಒಂದೇ ಕಡೆ ಕೂತಿದೆಯೋ ಎಂದು ಹೇಳದೆ ಟ್ರಸ್ಸಿನ ತಾಕತ್ತು ಹೇಳಲು ಬರುವುದಿಲ್ಲ. ಅಂತರ ಎರಡರಷ್ಟಾದರೆ ಅದು ತಾಳುವ ಒಟ್ಟು ಭಾರ ಅರ್ಧಕ್ಕೆ ಇಳಿಯುತ್ತದೆ. ಅದನ್ನೂ ಹರಡದೆ ನಟ್ಟನಡುವೆ ಕಟ್ಟಿದರೆ ಮತ್ತೆ ಅರ್ಧ. ಅಂದರೆ 6 ಮೀಟರ್ ಅಂತರದಲ್ಲಿ ಸಮನಾಗಿ ಹರಡಿದ 1000 ಕೆ.ಜಿ. ಹೊರುವ ಟ್ರಸ್, ನಿಮ್ಮ 12 ಮೀಟರ್ ಅಂತರದಲ್ಲಿ ನಡುವೆ ಕಟ್ಟಿದ 250 ಕೆ.ಜಿ.ಗೇ ತನ್ನ ಮಿತಿ ಮುಟ್ಟುತ್ತದೆ. ಟ್ರಸ್ಸಿನ ಸ್ವಂತ ತೂಕ ಕಳೆದರೆ ಇನ್ನೂ ಕಡಿಮೆ. ಡೆಕೋರೇಟರ್ ಸುಳ್ಳು ಹೇಳುತ್ತಿಲ್ಲ. ಆ ಒಂದು ಟನ್ ನಿಮ್ಮ ವೇದಿಕೆಯದಲ್ಲ, ಅಷ್ಟೆ.

ಹಾಗಾಗಿ ಮೊದಲು ಕೇಳಬೇಕಾದ ಕಾಗದ ಆ ಟ್ರಸ್ಸಿನ ಲೋಡ್ ಟೇಬಲ್, ಎಂದರೆ ಯಾವ ಅಂತರಕ್ಕೆ ಎಷ್ಟು ಭಾರ ಎಂದು ತಯಾರಕರು ಕೊಡುವ ಕೋಷ್ಟಕ. ಅದರಲ್ಲಿ 12 ಮೀಟರ್ ಎದುರಿನ ಸಾಲು ನೋಡಿ: ಹರಡಿದ ಭಾರಕ್ಕೆ ಒಂದು ಅಂಕಿ, ನಡುವಿನ ಒಂಟಿ ಭಾರಕ್ಕೆ ಇನ್ನೊಂದು ಅಂಕಿ ಇರುತ್ತದೆ. ಸ್ಥಳೀಯ ವರ್ಕ್‌ಶಾಪಿನಲ್ಲಿ ಬೆಸುಗೆ ಹಾಕಿದ ಕಬ್ಬಿಣದ ಟ್ರಸ್ಸಾದರೆ ಟೇಬಲ್ ಇರುವುದಿಲ್ಲ. ಆಗ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರು ಪೈಪಿನ ದಪ್ಪ, ಬೆಸುಗೆ ನೋಡಿ ಲೆಕ್ಕ ಮಾಡಿಕೊಡಬೇಕು. ‘ನಡುವೆ ಇನ್ನೊಂದು ಟವರ್ ಕೊಟ್ಟರಾಯಿತು’ ಎನ್ನುವ ಸಲಹೆ ಹಿಂದಿನ ಟ್ರಸ್ಸಿಗೆ ಒಳ್ಳೆಯದೇ. ಆದರೆ ಹಾಗೆ ಕೊಟ್ಟಾಗ ನಡುವಿನ ಟವರಿಗೆ ಬೀಳುವುದು ಅರ್ಧ ಭಾರವಲ್ಲ, ಎಂಟರಲ್ಲಿ ಐದು ಪಾಲು. ಅದಕ್ಕೆ ಮೂಲೆಯ ಟವರಿಗಿಂತ ಗಟ್ಟಿ ಬುಡ ಬೇಕು.

ಇನ್ನು ತೂಕದ ಪಟ್ಟಿ. ಇದನ್ನು ನೀವೇ ಮಾಡಬಹುದು. ಪ್ರತಿ ದೀಪದ ಹಿಂದೆ ಅಂಟಿಸಿದ ಚೀಟಿಯಲ್ಲಿ ತೂಕ ಬರೆದಿರುತ್ತದೆ. ಸುಮಾರಾಗಿ ಹೇಳುವುದಾದರೆ ಎಲ್‌ಇಡಿ ಪಾರ್ 4 ಕೆ.ಜಿ., ಬೀಮ್ ಜಾತಿಯ ಮೂವಿಂಗ್ ಹೆಡ್ 22, ಬ್ಲೈಂಡರ್ 7. ನಿಮ್ಮ ಲೆಕ್ಕಕ್ಕೆ 48, 176, 28. ಕ್ಲ್ಯಾಂಪು ಮತ್ತು ಸೇಫ್ಟಿ ವೈರ್‌ಗೆ ದೀಪವೊಂದಕ್ಕೆ 1 ಕೆ.ಜಿ. ಎಂದು 24. ಕೇಬಲ್ಲಿಗೆ 40. ಎಲ್ಲರೂ ಮರೆಯುವುದು ಈ ಕೇಬಲ್ಲನ್ನೇ. ಕೂಡಿದರೆ 316. ಸುಮಾರು 29 ಸೆಂ.ಮೀ. ಚೌಕದ ಅಲ್ಯೂಮಿನಿಯಂ ಟ್ರಸ್ ಮೀಟರಿಗೆ 7 ಕೆ.ಜಿ. ಹಿಡಿದರೆ 84. ಒಟ್ಟು 400, ಟವರ್ ಒಂದಕ್ಕೆ 200. ದೀಪಗಳನ್ನು ಎಡಬಲ ಸಮನಾಗಿ ಹಂಚಿದ್ದರೆ ಮಾತ್ರ ಈ 200.

ಎಲ್‌ಇಡಿ ಪರದೆಗೆ ಬರೋಣ. 4 ಮೀಟರ್ ಅಗಲ, 2.5 ಮೀಟರ್ ಎತ್ತರದ ಪರದೆ ಎಂದರೆ ಅರ್ಧ ಮೀಟರ್ ಚೌಕದ 40 ಪ್ಯಾನೆಲ್. ಒಂದೊಂದು 8 ಕೆ.ಜಿ., ತೂಗುಪಟ್ಟಿ ಮತ್ತು ಕೇಬಲ್ ಸೇರಿ 360 ಕೆ.ಜಿ. ಇದು ಮುಂದಿನ ಟ್ರಸ್ಸಿನ ದೀಪಗಳಿಗಿಂತ ಸ್ವಲ್ಪವೇ ಹೆಚ್ಚು ಎನಿಸುತ್ತದೆ. ಆದರೆ ಈ ತೂಕ 12 ಮೀಟರ್ ಟ್ರಸ್ಸಿನ ನಡುವಿನ 4 ಮೀಟರಿನಲ್ಲೇ ಕೂತಿದೆ. ಟ್ರಸ್ಸನ್ನು ಬಗ್ಗಿಸುವ ಲೆಕ್ಕದಲ್ಲಿ ಇದು ಉದ್ದಕ್ಕೂ ಹರಡಿದ 600 ಕೆ.ಜಿ.ಗೆ ಸಮ. ನಮ್ಮ ಸಲಹೆ ನೇರ: ಪರದೆಯನ್ನು ತೂಗುಹಾಕಬೇಡಿ. ವೇದಿಕೆಯ ಹಿಂದೆ ನೆಲದ ಮೇಲೆ ಅದಕ್ಕೇ ಆದ ಚೌಕಟ್ಟಿನಲ್ಲಿ ನಿಲ್ಲಿಸಿ, ಹಿಂಬದಿಗೆ ಓರೆ ಆಸರೆ ಕೊಟ್ಟು, ಆಸರೆಯ ಬುಡಕ್ಕೆ ತೂಕ ಹೇರಿ. ಪ್ರಾಯೋಜಕರಿಗೆ ಬೇಕಾದದ್ದು ಪರದೆಯಲ್ಲಿ ತಮ್ಮ ಹೆಸರು ಕಾಣುವುದು. ಅದು ನೇತಾಡಬೇಕು ಎಂದೇನಿಲ್ಲ.

ಲೆಕ್ಕವಾದ ಮೇಲೆ ಕಣ್ಣಿನ ಕೆಲಸ. ಒಂದು ದೀಪವನ್ನು ಆರಿಸಿಕೊಂಡು ಅದರ ಭಾರ ನೆಲ ಮುಟ್ಟುವವರೆಗೂ ಬೆರಳಿಟ್ಟು ಹಿಂಬಾಲಿಸಿ: ದೀಪ, ಕ್ಲ್ಯಾಂಪು, ಟ್ರಸ್ಸಿನ ಪೈಪು, ಜೋಡಣೆಯ ಪಿನ್ನು, ಸ್ಲಿಂಗು (ಟ್ರಸ್ಸನ್ನು ಎತ್ತಲು ಸುತ್ತುವ ಪಟ್ಟಿ), ಶ್ಯಾಕಲ್ (ಯು ಆಕಾರದ ಉಕ್ಕಿನ ಕೊಂಡಿ), ಚೈನ್ ಕುಪ್ಪಿ (ಸರಪಳಿ ಎಳೆದು ಭಾರ ಎತ್ತುವ ರಾಟೆ), ಟವರಿನ ತಲೆ, ಕಂಬ, ಬುಡ, ಮಣ್ಣು. ಈ ದಾರಿಯ ಪ್ರತಿ ಕೊಂಡಿಯ ಮೇಲೂ ಅದು ಎಷ್ಟು ಹೊರುತ್ತದೆ ಎಂಬ ಅಂಕಿ ಅಚ್ಚಾಗಿರಬೇಕು. ಅಂಕಿ ಇಲ್ಲದ್ದು ಸಿಕ್ಕಿದರೆ ಅಲ್ಲೇ ನಿಲ್ಲಿ.

ಕ್ಲ್ಯಾಂಪಿನ ಬೋಲ್ಟನ್ನು ಕೈಯಲ್ಲಿ ತಿರುಗಿಸಿದರೆ ತಿರುಗಬಾರದು. ಸ್ಪಾನರ್ ಹಾಕಿ ಬಿಗಿದಿರಬೇಕು. ಸೇಫ್ಟಿ ವೈರ್ ಪ್ರತಿ ದೀಪಕ್ಕೂ ಬೇಕು: ಉಕ್ಕಿನ ಹಗ್ಗ, ತುದಿಯಲ್ಲಿ ತಿರುಪಿನ ಕೊಂಡಿ. ಅದು ದೀಪದ ಬೆನ್ನಿನ ತೂತಿನಿಂದ ಹೊರಟು ಟ್ರಸ್ಸಿನ ದಪ್ಪ ಪೈಪನ್ನು ಸುತ್ತಬೇಕು, ನಡುವಿನ ಸಣ್ಣ ಓರೆಕಡ್ಡಿಯನ್ನಲ್ಲ. ಇನ್ನೊಂದು ಸೂಕ್ಷ್ಮ ಇದೆ. ವೈರು ಸಡಿಲವಾಗಿ ಒಂದೂವರೆ ಅಡಿ ಜೋತುಬಿದ್ದಿದ್ದರೆ ಅದು ಇದ್ದೂ ಪ್ರಯೋಜನ ಕಡಿಮೆ. ಕ್ಲ್ಯಾಂಪು ಕಳಚಿದರೆ 22 ಕೆ.ಜಿ.ಯ ದೀಪ ಆ ಒಂದೂವರೆ ಅಡಿ ಬೀಳುತ್ತಾ ವೇಗ ಪಡೆದು, ಸ್ವಂತ ತೂಕದ ಹಲವು ಪಟ್ಟು ಎಳೆತದಿಂದ ವೈರನ್ನು ಜಗ್ಗುತ್ತದೆ. ಜೋತು 20 ಸೆಂ.ಮೀ. ಒಳಗಿರಲಿ, ಅದಕ್ಕೂ ಕಡಿಮೆಯಾದರೆ ಇನ್ನೂ ಒಳ್ಳೆಯದು. ಸುತಳಿ, ಬೈಂಡಿಂಗ್ ವೈರ್, ಪ್ಲಾಸ್ಟಿಕ್ ಕೇಬಲ್ ಟೈ ಇವು ಕೇಬಲ್ ಕಟ್ಟಲು ಸರಿ, ದೀಪ ಕಟ್ಟಲು ಅಲ್ಲ.

ಟ್ರಸ್ ತುಂಡುಗಳ ಜೋಡಣೆಯಲ್ಲಿ ಒಂದು ಕಡೆಗೆ ಸಣ್ಣದಾಗುತ್ತ ಹೋಗುವ ಪಿನ್ನುಗಳಿರುತ್ತವೆ. ಅವುಗಳ ಸಣ್ಣ ತುದಿಯ ತೂತಿನಲ್ಲಿ ಹೇರ್‌ಪಿನ್ನಿನಂಥ ಆರ್-ಕ್ಲಿಪ್ ಸಿಕ್ಕಿಸಿರಬೇಕು. ಒಂದು ಜೋಡಣೆಗೆ 4 ಮೂಲೆ, ಮೂಲೆಗೆ ಎರಡರಂತೆ 8 ಪಿನ್ನು, 8 ಕ್ಲಿಪ್ಪು. 12 ಮೀಟರಿಗೆ 3 ಮೀಟರಿನ ನಾಲ್ಕು ತುಂಡಾದರೆ ನಡುವೆ ಮೂರು ಜೋಡಣೆ, 24 ಕ್ಲಿಪ್ಪು. ಎಣಿಸಿ. ಬೇಸ್ ಸ್ಪೀಕರಿನ ಅದಿರಾಟಕ್ಕೆ ಕ್ಲಿಪ್ಪಿಲ್ಲದ ಪಿನ್ನು ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ. ಕಳೆದುಹೋದ ಪಿನ್ನಿನ ಜಾಗಕ್ಕೆ ಮೊಳೆ, ಸಿಕ್ಕಿದ ಬೋಲ್ಟು ತೂರಿಸಿದ್ದು ಕಂಡರೆ ಆ ತುಂಡು ಬದಲಾಗಲೇಬೇಕು. ಪೈಪಿನಲ್ಲಿ ನೆಗ್ಗಿದ ಗುರುತು, ಬೆಸುಗೆಯ ಬುಡದಲ್ಲಿ ಕೂದಲೆಳೆಯ ಬಿರುಕು ಇದ್ದರೂ ಹಾಗೆಯೇ. ಅಲ್ಯೂಮಿನಿಯಂ ಟ್ರಸ್ಸಿಗೆ ಮೈದಾನದಲ್ಲೇ ವೆಲ್ಡಿಂಗ್ ಮಾಡಿ ‘ಸರಿಮಾಡಿದೆ’ ಎನ್ನುವುದನ್ನು ಒಪ್ಪಬೇಡಿ. ಬೆಸುಗೆಯ ಬಿಸಿ ತಾಕಿದ ಭಾಗ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳಬಹುದು. ಕಾರ್ಖಾನೆ ಆ ನಷ್ಟವನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಟೇಬಲ್ ಮಾಡಿರುತ್ತದೆ, ಮೈದಾನದ ವೆಲ್ಡರ್ ಹಿಡಿದಿರುವುದಿಲ್ಲ.

ಸ್ಲಿಂಗಿಗೆ ಬಣ್ಣವೇ ಗುರುತು: ನೇರಳೆ 1 ಟನ್, ಹಸಿರು 2, ಹಳದಿ 3. ಆದರೆ ಬಣ್ಣಕ್ಕಿಂತ ಮುಖ್ಯ ಅದಕ್ಕೆ ಹೊಲಿದ ಚೀಟಿ. ಚೀಟಿ ಹರಿದುಹೋದ ಸ್ಲಿಂಗ್ ಬೇಡ. ಕುಣಿಕೆ ಹಾಕಿ ಬಿಗಿದರೆ ಅದರ ತಾಕತ್ತು ಐದರಲ್ಲಿ ನಾಲ್ಕು ಪಾಲಿಗೆ ಇಳಿಯುತ್ತದೆ. ಒಂದೇ ಕೊಕ್ಕೆಯಿಂದ ಎರಡು ಕಾಲಾಗಿ ಕಟ್ಟಿದ್ದರೆ ನಡುವಿನ ಕೋನ ನೋಡಿ. 60 ಡಿಗ್ರಿಯಲ್ಲಿ ಒಂದೊಂದು ಕಾಲಿಗೆ ಭಾರದ 58 ಶೇಕಡಾ, 90ರಲ್ಲಿ 71. 120ಕ್ಕೆ ಬಿಚ್ಚಿಕೊಂಡರೆ ಎರಡೂ ಕಾಲಿಗೆ ಪೂರ್ತಿ ಭಾರ. ಹಂಚಿದೆ ಎನ್ನುವುದು ಕಣ್ಣಿಗೆ ಮಾತ್ರ. ಪಾಲಿಯೆಸ್ಟರ್ ಸ್ಲಿಂಗ್ ಬಿಸಿಗೆ ಕರಗುತ್ತದೆ, ಆದ್ದರಿಂದ ಬಿಸಿ ದೀಪದ ಹತ್ತಿರ ಅದರ ಜೊತೆಗೆ ಉಕ್ಕಿನ ಹಗ್ಗವೂ ಇರಬೇಕು. ಉಕ್ಕಿನ ಹಗ್ಗಕ್ಕೆ ಯು-ಕ್ಲಿಪ್ ಹಾಕಿದ್ದರೆ ಕನಿಷ್ಠ ಮೂರಿರಲಿ. ಕ್ಲಿಪ್ಪಿನ ಅಗಲ ಹಲ್ಲಿನ ಭಾಗ ಭಾರ ಹೊರುವ ಎಳೆಯ ಮೇಲೆ, ಯು ಆಕಾರದ ಕಡ್ಡಿ ಕತ್ತರಿಸಿದ ತುದಿಯ ಮೇಲೆ ಕೂರಬೇಕು. ಹಿಂದುಮುಂದಾದರೆ ಕಡ್ಡಿ ಭಾರ ಹೊರುವ ಎಳೆಯನ್ನೇ ಕಚ್ಚಿ ನುಚ್ಚುಮಾಡುತ್ತದೆ.

ಟವರಿನಲ್ಲಿ ಒಂದು ಒಳಗುಟ್ಟು ಇದೆ. ಚೈನ್ ಕುಪ್ಪಿ ತಲೆಯಿಂದಲೇ ನೇತಾಡಿದರೆ ಕಂಬದ ಮೇಲೆ ನಿಮ್ಮ 200 ಕೆ.ಜಿ. ಮಾತ್ರ. ಚೈನು ತಲೆಯ ರಾಟೆ ಹಾಯ್ದು ಇನ್ನೊಂದು ಬದಿಯಿಂದ ಇಳಿದು ಬುಡಕ್ಕೆ ಸಿಕ್ಕಿಸಿದ್ದರೆ ಕಂಬವನ್ನು ಅದುಮುವ ಬಲ 400. ಯಾವ ಬಗೆ ಎಂದು ಕೇಳಿಕೊಂಡು ಲೆಕ್ಕ ಹಾಕಿಸಿ. ಮೇಲೇರಿಸಿದ ಮೇಲೆ ಟ್ರಸ್ ಕುಪ್ಪಿಯ ಚೈನನ್ನೇ ನಂಬಿ ನಿಲ್ಲಬಾರದು. ಉಕ್ಕಿನ ಪಿನ್ನು ಅಥವಾ ಸ್ಲಿಂಗಿನಿಂದ ಟವರಿಗೆ ಬೇರೆಯಾಗಿ ಕಟ್ಟಿ, ಭಾರವನ್ನು ಅದಕ್ಕೆ ದಾಟಿಸಬೇಕು. ಟವರಿನ ಬುಡ ನೆಲದ ಮೇಲೆಯೇ ಇರಲಿ, ವೇದಿಕೆಯ ಹಲಗೆಯ ಮೇಲೆ ಬೇಡ. ಯಕ್ಷಗಾನದ ವೇಷ ಧೀಂಗಿಣ ಹಾಕಿದಾಗ ಹಲಗೆ ಪುಟಿಯುತ್ತದೆ, ಆ ಪುಟಿತ ನೇರ ತಲೆಯ ಮೇಲಿನ ದೀಪಕ್ಕೆ ಹೋಗುತ್ತದೆ. ಮಣ್ಣಿನ ಮೈದಾನದಲ್ಲಿ ಪ್ರತಿ ತಿರುಪುಗಾಲಿನ ಕೆಳಗೆ ಎರಡಡಿ ಚೌಕದ ದಪ್ಪ ಪ್ಲೈವುಡ್ ಅಥವಾ ಮರದ ದಿಮ್ಮಿ ಹಾಕಿಸಿ. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಬೆಳಿಗ್ಗೆ ಮಟ್ಟಗೋಲು ಇಟ್ಟು ಕಂಬ ನೆಟ್ಟಗಿದೆಯೇ ಎಂದು ಮತ್ತೆ ನೋಡಬೇಕು.

ಮಂಡಪದವರು ಬಿದಿರು, ಬಲ್ಲಿಗಳನ್ನು (ಮರದ ಕಂಬ) ಹುರಿಹಗ್ಗದಲ್ಲಿ ಕಟ್ಟುವ ಕಸುಬು ಮುಂಬೈಯಲ್ಲಿ ದೊಡ್ಡದು. ಮಂಡಪಕ್ಕೆ ಅದು ಸರಿಯಾದದ್ದೇ. ಆದರೆ ಒಂದೊಂದು ಗಂಟು ಎಷ್ಟು ಹೊರುತ್ತದೆ ಎಂಬ ಅಂಕಿ ಇಲ್ಲದ್ದರಿಂದ ಅದಕ್ಕೆ ಮೂವಿಂಗ್ ಹೆಡ್ ಕಟ್ಟಲು ಬಿಡಬೇಡಿ.

ಸ್ಪೀಕರ್‌ಗಳ ಬಗ್ಗೆ: ಶಾಲಾ ಮೈದಾನದ ಜನಕ್ಕೆ ತೂಗುಹಾಕುವ ಅಗತ್ಯ ನಮಗೆ ಕಾಣುವುದಿಲ್ಲ. 48 ಕೆ.ಜಿ.ಯ ಆರು ಬಾಕ್ಸು, ಚೌಕಟ್ಟು ಸೇರಿ ಒಂದು ಬದಿಗೆ ಸುಮಾರು 320 ಕೆ.ಜಿ.; ಅದೂ ಟವರಿನಿಂದ ಒಂದು ಮೀಟರ್ ಮುಂದಕ್ಕೆ ಚಾಚಿದ ತೋಳಿನಿಂದ. ಆ ಟವರ್ ಮುಗ್ಗರಿಸದಿರಲು ಒಂದೂವರೆ ಮೀಟರ್ ಹಿಂದೆ 215 ಕೆ.ಜಿ. ಇಟ್ಟರೆ ತಕ್ಕಡಿ ಸಮನಾಗುತ್ತದೆ, ಅಷ್ಟೇ. ನಿಶ್ಚಿಂತೆ ಬೇಕಾದರೆ ಅದರ ಎರಡರಷ್ಟು ಬೇಕು. ಅದರ ಬದಲು ಸಬ್‌ವೂಫರ್ ಮೇಲೆ ನಾಲ್ಕು ಬಾಕ್ಸ್ ಪೇರಿಸಿ, ಅವುಗಳದೇ ಪಿನ್ನಿನಿಂದ ಒಂದಕ್ಕೊಂದು ಕೂಡಿಸಿ, ರ‍್ಯಾಚೆಟ್ ಪಟ್ಟಿಯಿಂದ ಬಿಗಿದು, ಸುತ್ತ ಬ್ಯಾರಿಕೇಡ್ ಹಾಕಿ. ಮಕ್ಕಳು ಹತ್ತುವುದೂ ನಿಲ್ಲುತ್ತದೆ.

ನಿಜವಾಗಿ ಹೆದರಬೇಕಾದದ್ದು ಗಾಳಿಗೆ. ತೂಕ ಕೆಳಕ್ಕೆ ಎಳೆಯುತ್ತದೆ, ಟವರ್ ಇರುವುದೇ ಅದಕ್ಕೆ; ಗಾಳಿ ಪಕ್ಕಕ್ಕೆ ತಳ್ಳುತ್ತದೆ. ಫ್ಲೆಕ್ಸ್ ಬ್ಯಾನರ್ ಎಂದರೆ ಹಾಯಿ. ಗಾಳಿಯ ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿ ಹಿಡಿದು, ಅದರ ವರ್ಗವನ್ನು 0.6ರಿಂದ ಗುಣಿಸಿದರೆ ಒಂದು ಚದರ ಮೀಟರಿಗೆ ಎಷ್ಟು ನ್ಯೂಟನ್ ಒತ್ತಡ ಎಂದು ಸಿಗುತ್ತದೆ (ಹತ್ತು ನ್ಯೂಟನ್ ಎಂದರೆ ಸುಮಾರು ಒಂದು ಕೆ.ಜಿ. ತೂಕ). ನಿಮ್ಮ 30×10 ಅಡಿಯ ಬ್ಯಾನರ್ 28 ಚದರ ಮೀಟರ್. ಗಂಟೆಗೆ 36 ಕಿ.ಮೀ. ಗಾಳಿಯಲ್ಲಿ ಅದರ ಮೇಲೆ 170 ಕೆ.ಜಿ. ತೂಕದಷ್ಟು ನೂಕು. 72 ಕಿ.ಮೀ.ಗೆ 680. ವೇಗ ಎರಡರಷ್ಟು, ನೂಕು ನಾಲ್ಕರಷ್ಟು. ಕಟ್ಟಡ ಲೆಕ್ಕಕ್ಕೆ ಬಳಸುವ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗ ಮುಂಬೈಗೆ ಕೊಡುವ ಮೂಲ ಗಾಳಿವೇಗ ಸೆಕೆಂಡಿಗೆ 44 ಮೀಟರ್, ಎಂದರೆ ಗಂಟೆಗೆ ಸುಮಾರು 158 ಕಿ.ಮೀ.; ಪುಣೆ, ಪಣಜಿಗಳಿಗೆ 39. ಬೆಂಗಳೂರಿಗೆ 33. ಬೆಂಗಳೂರಿನಲ್ಲಿ ನಿಂತ ವೇದಿಕೆ ಮುಂಬೈಯಲ್ಲಿಯೂ ನಿಲ್ಲುತ್ತದೆ ಎಂದು ಹೇಳಲಾಗದು. ಅಕ್ಟೋಬರ್, ನವೆಂಬರ್ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಹುಟ್ಟುವ ತಿಂಗಳುಗಳೂ ಹೌದು.

2024ರ ಮೇ 13ರಂದು ಘಾಟ್‌ಕೋಪರ್‌ನಲ್ಲಿ 120×120 ಅಡಿಯ ಜಾಹೀರಾತು ಫಲಕ ಧೂಳುಗಾಳಿಗೆ ಪೆಟ್ರೋಲ್ ಪಂಪಿನ ಮೇಲೆ ಉರುಳಿ 17 ಜನ ಸತ್ತದ್ದು ಮುಂಬೈಯದೇ ಘಟನೆ. ವೇದಿಕೆಗಳ ವಿಷಯದಲ್ಲಿ ಎಲ್ಲರೂ ಪಾಠ ಕಲಿತದ್ದು ಅಮೆರಿಕದ ಇಂಡಿಯಾನಾ ರಾಜ್ಯ ಜಾತ್ರೆಯಲ್ಲಿ 2011ರ ಆಗಸ್ಟ್ 13ರಂದು ಕುಸಿದ ವೇದಿಕೆಯಿಂದ. 7 ಜನ ಸತ್ತರು. ಅಲ್ಲಿ ಗೈ ಹಗ್ಗಗಳನ್ನು (ವೇದಿಕೆ ವಾಲದಂತೆ ಓರೆಯಾಗಿ ಎಳೆದು ಕಟ್ಟುವ ಹಗ್ಗ) ನೆಲದ ಮೇಲಿಟ್ಟ ಕಾಂಕ್ರೀಟ್ ತಡೆಗೋಡೆಗಳಿಗೆ ಕಟ್ಟಿದ್ದರು. ಗಾಳಿ ಬಂದಾಗ ಆ ಗೋಡೆಗಳು ಹಿಡಿದು ನಿಲ್ಲಲಿಲ್ಲ.

ಇಲ್ಲೂ ನಡೆಯುವ ತಪ್ಪು ಅದೇ. 200 ಲೀಟರಿನ ನೀರಿನ ಡ್ರಮ್ಮಿಗೆ ಗೈ ಹಗ್ಗ ಕಟ್ಟಿ ‘200 ಕೆ.ಜಿ. ಹಿಡಿತ ಇದೆ’ ಎನ್ನುತ್ತಾರೆ. ಡ್ರಮ್ಮು ಪಕ್ಕಕ್ಕೆ ಜಾರದಂತೆ ತಡೆಯುವುದು ನೆಲದ ಘರ್ಷಣೆ ಮಾತ್ರ, ಅದು ತೂಕದ 30–40 ಶೇಕಡಾ. ಒಂದು ಡ್ರಮ್ಮು ತಡೆಯುವುದು 60ರಿಂದ 80 ಕೆ.ಜಿ. ನೂಕನ್ನು, ಹಗ್ಗ ಓರೆಯಾಗಿ ಮೇಲಕ್ಕೂ ಎತ್ತುವುದರಿಂದ ಅದಕ್ಕಿಂತಲೂ ಕಡಿಮೆ. ಮೇಲಿನ 680 ಕೆ.ಜಿ.ಗೆ ಎರಡು ಟನ್ನಿನ ಆಸುಪಾಸು ತೂಕ ಬೇಕು, ಅರ್ಧ ತುಂಬಿದ ನಾಲ್ಕು ಡ್ರಮ್ಮಲ್ಲ. ಡ್ರಮ್ಮಿನ ಕೆಳಗೆ ಹಸಿರು ಮ್ಯಾಟು ಹಾಸಿದ್ದರೆ ಅದನ್ನು ಕಿತ್ತುಹಾಕಿಸಿ, ಜಾರುತ್ತದೆ.

ಹಾಗಾಗಿ ಬ್ಯಾನರನ್ನೇ ಬಿಡಿ. ಎಲ್‌ಇಡಿ ಪರದೆ ಇರುವಾಗ ಅದು ಯಾಕೆ? ಬೇಕೇ ಬೇಕೆಂದರೆ ಗಾಳಿ ಹಾಯುವ ಜಾಲರಿ ಬಟ್ಟೆಯಲ್ಲಿ ಮಾಡಿಸಿ, ಕೆಳಗೆ ನಿಂತೇ ಒಂದು ನಿಮಿಷದಲ್ಲಿ ಇಳಿಸಬಹುದಾದ ಹಾಗೆ ಕಟ್ಟಿಸಿ. ಫ್ಲೆಕ್ಸಿಗೆ ಅಲ್ಲಲ್ಲಿ ಸೀಳು ಕೊಟ್ಟರೆ ಹೆಚ್ಚೇನೂ ಉಪಯೋಗವಿಲ್ಲ. ಮೇಲೆ ಮಳೆಗೆಂದು ತಾಡಪತ್ರಿ ಹೊದಿಸಿದ್ದರೆ ಗಾಳಿ ಅದನ್ನು ಮೇಲಕ್ಕೂ ಎತ್ತುತ್ತದೆ. ಅದು ಇಂಜಿನಿಯರಿನ ಲೆಕ್ಕದಲ್ಲಿ ಇದೆಯೇ ಎಂದು ಕೇಳಿ.

ಟ್ರಸ್ಸಿನ ತುದಿಯಲ್ಲಿ ಗಾಳಿಮಾಪಕ ಇರಲಿ. ಫೋನಿನ ಹವಾಮಾನ ಆ್ಯಪ್ ತೋರಿಸುವ ಸರಾಸರಿಗೆ ರಪ್ಪನೆ ಬರುವ ಗಾಳಿ ಸಿಕ್ಕುವುದಿಲ್ಲ. ಇಂಜಿನಿಯರ್ ಬೇರೆ ಅಂಕಿ ಕೊಡದಿದ್ದರೆ ಹೀಗೆ ಇಟ್ಟುಕೊಳ್ಳಿ: 30 ಕಿ.ಮೀ. ದಾಟಿದರೆ ಸಿಬ್ಬಂದಿ ತಂತಮ್ಮ ಜಾಗಕ್ಕೆ, 40ಕ್ಕೆ ಬ್ಯಾನರ್, ಬಟ್ಟೆ ಎಲ್ಲ ಕೆಳಗೆ, 50ಕ್ಕೆ ಕಾರ್ಯಕ್ರಮ ನಿಲ್ಲಿಸಿ ವೇದಿಕೆ ಮತ್ತು ಮುಂದಿನ ಸಾಲುಗಳು ಖಾಲಿ. ನಿಲ್ಲಿಸುವವರು ಯಾರೆಂದು ಹಿಂದಿನ ದಿನವೇ ಒಬ್ಬರ ಹೆಸರು ಬರೆದಿಡಿ. ಅಧ್ಯಕ್ಷರ ಭಾಷಣದ ನಡುವೆಯೂ ಅವರ ಮಾತು ನಡೆಯಬೇಕು.

ಏರಿಸುವ ಹೊತ್ತು. ಟ್ರಸ್ಸನ್ನು ಸೊಂಟದೆತ್ತರದಲ್ಲಿ ಇಟ್ಟುಕೊಂಡು ದೀಪ, ಕೇಬಲ್, ಸೇಫ್ಟಿ ವೈರ್ ಎಲ್ಲ ಕಟ್ಟಿ, ಎಲ್ಲ ದೀಪ ಹೊತ್ತಿಸಿ ನೋಡಿ ಮುಗಿಸಬೇಕು. ಆಮೇಲೆ ಒಂದಡಿ ಎತ್ತಿ ಹತ್ತು ನಿಮಿಷ ನಿಲ್ಲಿಸಿ, ಸುತ್ತಿ ನೋಡಬೇಕು. ನಂತರ ಎರಡೂ ಟವರ್ ಒಟ್ಟಿಗೆ, ಒಬ್ಬರ ಕೂಗಿಗೆ ಮಾತ್ರ. ‘ನಿಲ್ಲಿಸು’ ಎಂದು ಮಾತ್ರ ಯಾರು ಬೇಕಾದರೂ ಕೂಗಬಹುದು. ಒಂದು ತುದಿ ಮುಂದಾದರೆ ಕಂಬವನ್ನು ಸುತ್ತಿ ಮೇಲೆ ಜಾರುವ ಟ್ರಸ್ಸಿನ ತೋಳು ಕಂಬಕ್ಕೆ ಕಚ್ಚಿಕೊಂಡು, ಬಿಟ್ಟಾಗ ಧಡ್ಡೆಂದು ಇಳಿಯುತ್ತದೆ. ಕೆಳಗೆ ಯಾರೂ ಇರಬಾರದು. ತಾಲೀಮಿಗೆ ಬಂದ ಮಕ್ಕಳನ್ನು ಆ ಎರಡು ಗಂಟೆ ಮೈದಾನಕ್ಕೇ ಬಿಡಬೇಡಿ. ಮೇಲೆ ಹತ್ತುವ ಹುಡುಗರಿಗೆ ಪೂರ್ತಿ ಮೈಯ ಹಾರ್ನೆಸ್, ಎರಡು ಕೊಕ್ಕೆ, ಹೆಲ್ಮೆಟ್ ಇರಬೇಕು. ಬರಿಗಾಲಲ್ಲಿ, ಹಾರ್ನೆಸ್ ಇಲ್ಲದೆ ಹತ್ತಿದರೆ ಕೆಲಸ ನಿಲ್ಲಿಸುವ ಹಕ್ಕು ಹಣ ಕೊಡುವ ನಿಮಗಿದೆ. ದಯವಿಟ್ಟು ಚಲಾಯಿಸಿ.

ಕರೆಂಟಿನದು ಬೇರೆಯೇ ದೊಡ್ಡ ವಿಷಯ. ಮೂರು ಮಾತು ಇಲ್ಲಿ. ಜನರೇಟರಿನಿಂದ ಬರುವ ನ್ಯೂಟ್ರಲ್ ಸಡಿಲವಾದರೆ 230 ವೋಲ್ಟಿನ ಉಪಕರಣಕ್ಕೆ 400ರ ಹತ್ತಿರದವರೆಗೂ ಏರಬಹುದು, ಹೊಗೆ ಬರುತ್ತದೆ. ಆ ಜೋಡಣೆಯನ್ನು ಮೊದಲು ಬಿಗಿ ಮಾಡಿಸಿ. ವೇದಿಕೆಯ ಪ್ರತಿ ಲೈನಿಗೂ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಇರಲಿ, ಟೆಸ್ಟ್ ಗುಂಡಿ ಒತ್ತಿ ಟ್ರಿಪ್ ಆಗುವುದನ್ನು ಕಣ್ಣಾರೆ ನೋಡಿ. ಟ್ರಸ್ಸನ್ನೂ ದಪ್ಪ ಹಸಿರು–ಹಳದಿ ತಂತಿಯಿಂದ ಅರ್ಥಿಂಗಿಗೆ ಸೇರಿಸಿ. ಮೂರನೆಯದು ಭಾಗವತರ ಮೈಕಿಗೆ ಸಂಬಂಧಿಸಿದ್ದು. ಸ್ಪೀಕರಿನಲ್ಲಿ ‘ಹಮ್’ ಸದ್ದು ಬಂದರೆ ಪ್ಲಗ್ಗಿನ ಅರ್ಥ್ ಕಾಲು ಕಿತ್ತು ಸದ್ದು ನಿಲ್ಲಿಸುವವರಿದ್ದಾರೆ. ಸದ್ದು ನಿಲ್ಲುತ್ತದೆ, ಆದರೆ ಆ ಉಪಕರಣದಲ್ಲಿ ಸೋರಿಕೆಯಾದ ಕರೆಂಟಿಗೆ ಇನ್ನು ದಾರಿ ಮೈಕ್ ಹಿಡಿದ ಬೆವರಿದ ಕೈ. ಹಮ್ ತೆಗೆಯಲು ಆಡಿಯೋ ಲೈನಿನಲ್ಲಿ ಡಿಐ ಬಾಕ್ಸ್ (ವಾದ್ಯ ಮತ್ತು ಮಿಕ್ಸರ್ ನಡುವಿನ ಸಣ್ಣ ಪೆಟ್ಟಿಗೆ) ಹಾಕಿ, ಅದರ ಗ್ರೌಂಡ್ ಲಿಫ್ಟ್ ಗುಂಡಿ ಬಳಸಬಹುದು. ಮೈಕ್ ಮುಟ್ಟಿದಾಗ ತುಟಿ ಜುಮ್ಮೆಂದರೆ ಯಾರೇ ಆಗಲಿ ಅಲ್ಲಿಗೇ ನಿಲ್ಲಿಸಬೇಕು.

ಇಂಜಿನಿಯರಿನಿಂದ ಸ್ಥಿರತಾ ಪ್ರಮಾಣಪತ್ರ ತರುವಾಗ ಅದರಲ್ಲಿ ವೇದಿಕೆಯ ನಕ್ಷೆ, ನಿಮ್ಮ ತೂಕದ ಪಟ್ಟಿ, ಯಾವ ಗಾಳಿವೇಗಕ್ಕೆ ಲೆಕ್ಕ ಹಾಕಿದ್ದು, ಪ್ರತಿ ಟವರಿಗೆ ಎಷ್ಟು ತೂಕ ಹೇರಬೇಕು ಎಂಬ ನಾಲ್ಕೂ ಇರಬೇಕು. ‘ವೇದಿಕೆ ಸುರಕ್ಷಿತವಾಗಿದೆ’ ಎಂಬ ಒಂದೇ ಸಾಲಿನ ಪತ್ರದಿಂದ ಪರವಾನಗಿ ಸಿಗಬಹುದು, ದೀಪ ನಿಲ್ಲುವುದಿಲ್ಲ. ಸಹಿಯಾದ ಮೇಲೆ ಒಂದು ದೀಪ ಸೇರಿಸಬೇಕಾದರೂ ಅವರನ್ನೇ ಕೇಳಿ.

ಬಿಚ್ಚುವ ಕೆಲಸವನ್ನು ಕರಾರಿನಲ್ಲೇ ಮರುದಿನ ಬೆಳಿಗ್ಗೆಗೆ ಇಡಿಸಿ, ಒಂದು ದಿನದ ಬಾಡಿಗೆ ಹೆಚ್ಚಾದರೂ ಸರಿ. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು, 11ಕ್ಕೆ ಟೆಂಪೊ ಬಂದು ನಿಲ್ಲುತ್ತದೆ, ಬೆಳಿಗ್ಗೆಯಿಂದ ದುಡಿದ ಹುಡುಗರು ಕತ್ತಲಲ್ಲಿ ಅವಸರದಿಂದ ಪಿನ್ನು ಕೀಳುತ್ತಾರೆ, ಕುರ್ಚಿ ಎತ್ತುವವರು ಕೆಳಗೇ ಓಡಾಡುತ್ತಾರೆ. ಬಿಚ್ಚುವಾಗ ಮೊದಲು ಬಟ್ಟೆ, ಬ್ಯಾನರು. ಆಮೇಲೆ ಕರೆಂಟು ಕಡಿದು ಟ್ರಸ್ ಕೆಳಗಿಳಿಸುವುದು. ದೀಪ ಬಿಚ್ಚುವುದು ಸೊಂಟದೆತ್ತರಕ್ಕೆ ಬಂದ ಮೇಲೆ. ನೀರಿನ ಡ್ರಮ್ಮು ಖಾಲಿ ಮಾಡುವುದು, ಗೈ ಹಗ್ಗ ಬಿಚ್ಚುವುದು ಟ್ರಸ್ ಕೆಳಗಿಳಿದು, ಟವರಿನ ಕಂಬಗಳನ್ನು ಮಲಗಿಸಲು ಜನ ಹಿಡಿದು ನಿಂತ ಮೇಲೆಯೇ.